ಮೊದಲ ಉಸ್ತರಾ ಕೊಳ್ಳುವವರಿಗೆ: ಮೊದಲು ಅಲಗು ನೋಡಿ, ಹಿಡಿ ಆಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಲೂನ್ ಸಾಮಾನಿನ ಅಂಗಡಿಗೆ ಹೋಗಿ, ಕ್ಷೌರದ ಕತ್ತಿ ಬೇಕೆಂದು "ಉಸ್ತರಾ ಕೊಡ್ರಿ" ಅಂದರೆ ಕೈಗೆ ಬರುವುದು ಬ್ಲೇಡ್ ಸಿಕ್ಕಿಸುವ ಉಸ್ತರಾ. ಬ್ಲೇಡನ್ನು ನಡುವೆ ಮುರಿದು ಅರ್ಧ ಸಿಕ್ಕಿಸುವುದು, ಕೆಲಸ ಮುಗಿದರೆ ಎಸೆಯುವುದು. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದು ಅಂದರೆ ಕಟಿಂಗ್ ಅಂಗಡಿಗೆ ಇದೇ ಸರಿ. ಮನೆಯಲ್ಲಿ ಒಬ್ಬರೇ ಬಳಸಿ, ಮಸೆದು ಮಸೆದು ಮಗನ ಕೈಗೂ ಕೊಡಬಹುದಾದ ಇಡೀ ಅಲಗಿನ ಉಸ್ತರಾ ಬೇರೆಯೇ ಸಾಮಾನು.

"ಮೊದಲು ನೂರಿನ್ನೂರು ರೂಪಾಯಿಯ ಬ್ಲೇಡ್ ಉಸ್ತರಾದಲ್ಲಿ ಕೈ ಪಳಗಿಸೋಣ" ಎನ್ನುವವರು ಬಹಳ. ಇದು ಉಲ್ಟಾ ದಾರಿ. ಅರ್ಧ ಬ್ಲೇಡಿಗೆ ತೂಕವೇ ಇಲ್ಲ, ಹಾಗಾಗಿ ಕೈ ತಾನಾಗಿ ಒತ್ತುತ್ತದೆ. ಅದರ ಎರಡು ಮೂಲೆಗಳೂ ಚೂಪು, ಸ್ವಲ್ಪ ವಾಲಿದರೂ ಕಚ್ಚುತ್ತವೆ. ಇಡೀ ಅಲಗಿನದು ತನ್ನ ಭಾರದಲ್ಲೇ ಇಳಿಯುತ್ತದೆ, ಕೂದಲು ಕತ್ತರಿಸುವ ಸದ್ದೂ ಕಿವಿಗೆ ಬೀಳುತ್ತದೆ. ಆ ಸದ್ದು ನಿಂತು ಎಳೆದಂತಾದರೆ ಕೋನ ತಪ್ಪಿದೆ, ಇಲ್ಲವೇ ಹರಿತ ಹೋಗಿದೆ ಎಂದು ಕಲಿಯುವವನಿಗೂ ಗೊತ್ತಾಗುತ್ತದೆ.

ಅಲಗಿನ ಅಗಲ 5/8 ಇಂಚು ಇರಲಿ, ಅಂದರೆ ಸುಮಾರು 16 ಮಿ.ಮೀ. ಗಡ್ಡ ಒರಟಾಗಿದ್ದರೆ 6/8. ಅದಕ್ಕಿಂತ ಅಗಲದ್ದು ಮೂಗಿನ ಕೆಳಗೆ ಕಣ್ಣಿಗೆ ಅಡ್ಡ ಬರುತ್ತದೆ. 4/8ರದ್ದಾದರೆ ಎರಡು ಎಳೆತಕ್ಕೇ ನೊರೆ ತುಂಬಿಕೊಳ್ಳುತ್ತದೆ. ತುದಿ ದುಂಡಗಿರಲಿ. ಚೌಕದ ತುದಿ ಮೀಸೆಯ ಅಂಚಿಗೆ ಅನುಕೂಲ, ಆದರೆ ಹೊಸಬರ ಕಿವಿಯ ಬುಡಕ್ಕೆ ಅಪಾಯ. ಅಲಗಿನ ಎರಡೂ ಮೈ ಒಳಕ್ಕೆ ತಗ್ಗಾಗಿರಬೇಕು, ಪೂರ್ತಿ ತಗ್ಗಾದರೂ ಸರಿ, ಅರ್ಧವಾದರೂ ಸರಿ. ತಗ್ಗೇ ಇಲ್ಲದ ಬೆಣೆಯಾಕಾರದ ದಪ್ಪ ಅಲಗು ಮಸೆಯಲು ಕಷ್ಟ. ಉಕ್ಕು ಕಾರ್ಬನ್ನಿನದೇ ಇರಲಿ, ಬೇಗ ಹರಿತ ಹಿಡಿಯುತ್ತದೆ. ತುಕ್ಕಿಗೆ ಹೆದರಿ ಸ್ಟೇನ್‌ಲೆಸ್‌ಗೆ ಹೋಗಬೇಕಿಲ್ಲ, ನಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಜಾಗ್ರತೆ ಮಾಡಿದರೆ ಸಾಕು.

ಜರ್ಮನಿಯ ಸೋಲಿಂಗನ್ ಊರಿನ ಡೋವೊ, ಫ್ರಾನ್ಸಿನ ತಿಯೇರ್ ಇಸ್ಸಾರ್ ಒಳ್ಳೆಯ ಹೆಸರುಗಳು, ಬೆಲೆ ಮಾತ್ರ ಐದಂಕಿ. ಸೋಲಿಂಗನ್ ಎಂಬ ಹೆಸರು ಹಾಕಲು ಸರಕು ಅಲ್ಲಿಯದೇ ಆಗಿರಬೇಕೆಂಬ ಕಾಯ್ದೆ 1938ರಷ್ಟು ಹಳೆಯದು. ನಮ್ಮ ಬೀದರಿನ ಬಿದ್ರಿಗೆ ಜಿಐ, ಅಂದರೆ ಭೌಗೋಳಿಕ ಗುರುತು ಇರುವಂತೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಅಲಗಿನ ಮೇಲೆ ಅಲೆ ಅಲೆ ನಕಾಶೆ ಇರುವ ಭಾರಿ ಕತ್ತಿಗಳನ್ನು ಮಾತ್ರ ಮುಟ್ಟಬೇಡಿ. ಅವುಗಳಲ್ಲಿ ಹೆಚ್ಚಿನವು ನೋಡಲಷ್ಟೇ ಉಸ್ತರಾ: ಬೆನ್ನು ದಪ್ಪ, ಉಕ್ಕು ಮೆತ್ತಗೆ, ಹರಿತ ನಿಲ್ಲುವುದಿಲ್ಲ.

ಪೆಟ್ಟಿಗೆ ಬಂದ ದಿನವೇ, ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲು, ಪರೀಕ್ಷೆ ಮಾಡಿ. ಕಿಟಕಿಯ ಗಾಜಿನ ತುಂಡಿನ ಮೇಲೆ ಅಲಗನ್ನು ಚಪ್ಪಟೆಯಾಗಿ ಮಲಗಿಸಿ, ಹಿಡಿ ಮತ್ತು ಬೆರಳಿಡುವ ಬಾಲ ಗಾಜಿನ ಹೊರಗಿರಲಿ. ಬೆನ್ನೂ (ದಪ್ಪ ಅಂಚು) ಬಾಯಿಯೂ (ಹರಿತದ ಅಂಚು) ಉದ್ದಕ್ಕೂ ಕೂತಿರಬೇಕು. ಬೆರಳಿಂದ ಮೆಲ್ಲಗೆ ತಟ್ಟಿದಾಗ ಟಕ್ ಟಕ್ ಎಂದು ಅಲುಗಿದರೆ ಅಲಗು ತಿರುಚಿದೆ. ಮಗ್ಗುಲು ಬದಲಿಸಿ ಮತ್ತೊಮ್ಮೆ ನೋಡಿ. ಮಡಚಿದಾಗ ಬಾಯಿ ಹಿಡಿಯ ಎರಡು ಹೋಳುಗಳ ನಡುವೆ ಇಳಿಯಬೇಕು, ಒಂದು ಕಡೆ ತಾಗಿದರೆ ಪ್ರತಿ ಸಲ ಮಡಚುವಾಗಲೂ ಹರಿತ ಕೆಡುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಬೆನ್ನಿನ ಮೇಲಿನ ಕಲೆ ಬಿಡಿ, ಬಾಯಿಯ ಹತ್ತಿರ ತುಕ್ಕಿನ ಗುಳಿ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಗುಳಿ ಇದ್ದರೆ ಅಲ್ಲಿಯೇ ಬಾಯಿ ಉದುರುತ್ತದೆ.

ಹೊಸದಾದ ಮಾತ್ರಕ್ಕೆ ಗಡ್ಡಕ್ಕೆ ಹಾಕುವಷ್ಟು ಹರಿತ ಇರುತ್ತದೆ ಎಂದುಕೊಳ್ಳಬೇಡಿ. ಮುಂಗೈ ಕೂದಲಿನ ಮೇಲೆ, ಚರ್ಮದಿಂದ ಕಾಲು ಇಂಚು ಎತ್ತರದಲ್ಲಿ ಆಡಿಸಿದರೆ ತುದಿಗಳು ಉದುರಬೇಕು. ಇಲ್ಲದಿದ್ದರೆ ಮಾರುವವರಿಂದಲೇ ಕಲ್ಲಿಗೆ ಹಿಡಿಸಿ ತರಿಸಿಕೊಳ್ಳಿ, ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ಬೀದಿಯಲ್ಲಿ ಚಕ್ರದ ಸಾಣೆ ಹಿಡಿಯುವವರಿಗೆ ಮಾತ್ರ ಯಾವತ್ತೂ ಕೊಡಬೇಡಿ. ಕುಡಗೋಲು, ಈಳಿಗೆಗೆ ಆ ಸಾಣೆ ಸರಿ. ಉಸ್ತರಾದ ಬಾಯಿ ಕಾಗದದಷ್ಟು ತೆಳು, ಕಿಡಿಯ ಶಾಖಕ್ಕೆ ಉಕ್ಕಿನ ಹದ ಹೋಗುತ್ತದೆ. ನೀಲಿ ಬಣ್ಣಕ್ಕೆ ತಿರುಗಿದ ಜಾಗ ಮತ್ತೆ ಹರಿತ ಹಿಡಿದು ನಿಲ್ಲುವುದಿಲ್ಲ.

ಹರಿತ ಸರಿಯಾಗಿರಲು ಉಸ್ತರಾ ಉಜ್ಜುವ ಚರ್ಮದ ಪಟ್ಟಿಯೂ ಬೇಕು. ಅದು ಮೂರು ಇಂಚು ಅಗಲದ್ದು, ಮೊದಲನೆಯದು ಅಗ್ಗದ್ದೇ ಇರಲಿ. ಮೊದಲ ತಿಂಗಳು ಅದರ ಮೇಲೆ ಗಾಯ ಬೀಳುವುದು ಖಂಡಿತ. ಬೆನ್ನು ಮುಂದೆ, ಬಾಯಿ ಹಿಂದೆ. ಎರಡೂ ಪಟ್ಟಿಗೆ ತಾಗಿರಬೇಕು. ಕೊನೆಗೆ ಬಂದಾಗ ಬೆನ್ನಿನ ಮೇಲೆಯೇ ಉರುಳಿಸಿ ತಿರುಗಿಸಿ. ಬಾಯಿಯ ಮೇಲೆ ತಿರುಗಿಸಿದಿರೋ, ಪಟ್ಟಿಯೂ ಕೊಯ್ದುಹೋಗುತ್ತದೆ, ಹರಿತವೂ ಮಡಚಿಕೊಳ್ಳುತ್ತದೆ. ಪಟ್ಟಿ ಸಡಿಲ ಬಿಟ್ಟರೆ ಬಾಯಿ ದುಂಡಗಾಗುತ್ತದೆ. ಪ್ರತಿ ಶೇವ್‌ಗೆ ಮುನ್ನ ಹೋಗಿ ಬರುವ 50 ಸುತ್ತು, ವೇಗ ಬೇಡ.

ಕಲಬುರಗಿ, ಸೇಡಂ, ಶಹಾಬಾದ್ ಕಡೆಯವರು ಉಸ್ತರಾ ಎಳೆಯುತ್ತದೆ ಎಂದು ದೂರುವಾಗ ಎಷ್ಟೋ ಸಲ ತಪ್ಪು ಕತ್ತಿಯದಲ್ಲ, ನೀರಿನದು. ಸುಣ್ಣಕಲ್ಲಿನ ನೆಲದ ಬೋರ್ ನೀರು ಗಡಸು. ಸೋಪಿನ ಜೊತೆ ಸೇರಿ ನೊರೆಯ ಬದಲು ಬಿಳಿ ಕಿಟ್ಟ ಕಟ್ಟುತ್ತದೆ. ನೊರೆಗೆ ಆರ್‌ಒ ಫಿಲ್ಟರ್ ನೀರು ಅರ್ಧ ಲೋಟ ಸಾಕು. ಅದಿಲ್ಲದಿದ್ದರೆ ಕುದಿಸಿ ಆರಿಸಿ, ತಳದ ಬಿಳಿ ಪುಡಿ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ನೊರೆ ಮೊಸರಿನಷ್ಟು ಗಟ್ಟಿ, ಹೊಳಪಿನದಾಗಿರಬೇಕು. ಗುಳ್ಳೆ ಗುಳ್ಳೆಯಾಗಿದ್ದರೆ ಇನ್ನೂ ತಿಕ್ಕಿ. ಮೇ ತಿಂಗಳ 42 ಡಿಗ್ರಿಯಲ್ಲಿ ಅದು ನೋಡನೋಡುತ್ತಲೇ ಒಣಗುತ್ತದೆ. ಫ್ಯಾನ್ ಆರಿಸಿ, ಒಂದು ಕೆನ್ನೆಗೆ ಹಚ್ಚಿ, ಅದು ಮುಗಿದ ಮೇಲೆ ಇನ್ನೊಂದಕ್ಕೆ ಹಚ್ಚಿ.

ಮುಗಿದ ಮೇಲೆ ಅಲಗನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹತ್ತಿ ಬಟ್ಟೆಯಿಂದ ಒರೆಸಿ. ಮಡಚುವ ಮೊಳೆಯ ಸಂದಿನಲ್ಲೂ ನೀರು ನಿಲ್ಲಬಾರದು, ತುಕ್ಕು ಶುರುವಾಗುವುದೇ ಅಲ್ಲಿ. ಮಳೆಗಾಲದಲ್ಲಿ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸವರಿ. ಬಚ್ಚಲಲ್ಲಿ ಇಡಬೇಡಿ.

ಮೊದಲ ಎರಡು ವಾರ ಕೆನ್ನೆ ಮಾತ್ರ, ಕೂದಲು ಬೆಳೆದ ದಿಕ್ಕಿಗೆ. ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿದು, ಅಲಗನ್ನು ಸುಮಾರು 30 ಡಿಗ್ರಿ ಎತ್ತಿ, ಗಿಡ್ಡ ಗಿಡ್ಡ ಎಳೆತ. ಅಲಗು ಅಡ್ಡಕ್ಕೆ ಜಾರಿದರೆ ಕೊಯ್ಯಿತೆಂದೇ ಲೆಕ್ಕ. ಪಟಿಕದ ತುಂಡು ಪಕ್ಕದಲ್ಲಿರಲಿ. ಕೆನ್ನೆಗೆ ಕೈ ಕೂತ ಮೇಲೆ ದವಡೆ, ಆಮೇಲೆ ಕುತ್ತಿಗೆ. ಗದ್ದದ ತಿರುವು ಎಲ್ಲಕ್ಕಿಂತ ಕಠಿಣ, ಅದು ಬರುವವರೆಗೆ ಗದ್ದವನ್ನು ಹಳೆಯ ರೇಜರಿನಲ್ಲೇ ಮುಗಿಸಿಕೊಳ್ಳಿ.