ಮೆರ್ಲೋ ಅಥವಾ ಬೋಜೊಲೆ: ಹಿತವಾದ ಕೆಂಪು ವೈನ್ ಯಾವುದು?

ಸಂಜೆ ಗೆಳೆಯರೊಡನೆ ನಿಧಾನವಾಗಿ ಗುಟುಕರಿಸಲು ಕೆಂಪು ವೈನ್ ಹುಡುಕುವವರು ಮೊದಲು ಗಮನಿಸಬೇಕಾದದ್ದು ಟ್ಯಾನಿನ್, ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದು ನಾಲಿಗೆಯನ್ನು ಒಣಗಿಸುವ ಒಗರು. ಫ್ರಾನ್ಸಿನ ಬೋರ್ಡೊ ಪ್ರದೇಶ ಮೂಲದ ಮೆರ್ಲೋ ದ್ರಾಕ್ಷಿಯ ವೈನಿನಲ್ಲಿ ಅದು ಕ್ಯಾಬರ್ನೆ ಸೋವಿನ್ಯೋನ್ ಎಂಬ ಇನ್ನೊಂದು ದ್ರಾಕ್ಷಿಯ ಕೆಂಪು ವೈನಿಗಿಂತ ಮೃದುವಾಗಿದ್ದು, ಮಾಗಿದ ಪ್ಲಮ್ ಹಣ್ಣಿನ ರುಚಿ ಬಾಯಿತುಂಬ ಹರಡುತ್ತದೆ. ಫ್ರಾನ್ಸಿನದೇ ಬೋಜೊಲೆ ಪ್ರದೇಶದಲ್ಲಿ ಗಮೇ ದ್ರಾಕ್ಷಿಯಿಂದಾಗುವ ಬೋಜೊಲೆ ವೈನ್ ಇನ್ನೂ ಹಗುರ. ಅಲ್ಲಿ ಸಾಮಾನ್ಯವಾಗಿ ಹಣ್ಣನ್ನು ಜಜ್ಜದೆ ಇಡೀ ಗೊಂಚಲುಗಳನ್ನೇ ತೊಟ್ಟಿಗೆ ತುಂಬಿ, ಇಂಗಾಲದ ಡೈಆಕ್ಸೈಡ್ ನಡುವೆ ಹಣ್ಣಿನೊಳಗೇ ಹುದುಗುವಿಕೆ ಆರಂಭವಾಗುವಂತೆ ಮಾಡುವುದರಿಂದ, ಒಗರು ತಗ್ಗಿ ಚೆರ್ರಿ, ರಾಸ್ಪ್‌ಬೆರಿಗಳ ಪರಿಮಳ ಮುಂದಾಗುತ್ತದೆ. ಇದನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ ಕುಡಿಯಬೇಕು. ನಮ್ಮ ಬೇಸಿಗೆಯ ಕೋಣೆಯಲ್ಲಿಟ್ಟರೆ ಎಂಥ ಕೆಂಪು ವೈನಿನಲ್ಲೂ ಆಲ್ಕೋಹಾಲಿನ ಘಾಟೇ ಮೇಲಾಗುತ್ತದೆ. ಮಟನ್ ಸಾರಿನ ಜೊತೆಗಾದರೆ ಮೆರ್ಲೋ ಸರಿ. ಬರಿಯ ಹರಟೆಗಾದರೆ ನಾನು ಬೋಜೊಲೆಯನ್ನೇ ಆರಿಸುತ್ತೇನೆ, ಆದರೆ ಹುಳಿ ಹಿಡಿಸದವರಿಗೆ ಅದನ್ನು ಸೂಚಿಸಲಾರೆ.