ಕಾರವಾರದ ಸೆಖೆಯಲ್ಲಿ ರೈಜನ್ 5 5600: ದೀರ್ಘಕಾಲದ ಬಳಕೆಯ ನಂತರ

ಎಎಂಡಿ ಕಂಪನಿಯ ಕಂಪ್ಯೂಟರ್ ಪ್ರೊಸೆಸರ್‌ಗಳಲ್ಲಿ ರೈಜನ್ 5 5600ಎಕ್ಸ್ ಮಾರುಕಟ್ಟೆಗೆ ಬಂದದ್ದು 2020ರ ನವೆಂಬರಿನಲ್ಲಿ, 5600 ಬಂದದ್ದು 2022ರ ಏಪ್ರಿಲ್‌ನಲ್ಲಿ. ಎರಡರಲ್ಲೂ ಝೆನ್ 3 ಎಂಬ ಅದೇ ವಿನ್ಯಾಸದ ಆರು ಕೋರ್‌ಗಳಿವೆ, ಎರಡನ್ನೂ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಬಹುದು. ಗರಿಷ್ಠ ವೇಗದಲ್ಲಿರುವ 0.2 ಗಿಗಾಹರ್ಟ್ಸ್ ಅಂತರಕ್ಕೆ ಹೆಚ್ಚು ಹಣ ತೆರಲು ಮನಸ್ಸಾಗದೆ ನಾನು 5600 ಕೊಂಡು, ಉಳಿದ ಹಣವನ್ನು ದೊಡ್ಡ ಟವರ್ ಕೂಲರಿಗೆ ಹಾಕಿದೆ.

ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಗಳ ವಿಡಿಯೊ ಸಂಕಲನ ನನ್ನ ಮುಖ್ಯ ಕೆಲಸ. ಎಕ್ಸ್‌ಪೋರ್ಟ್‌ಗೆ ಇಟ್ಟರೆ ಆರೂ ಕೋರ್‌ಗಳು ತಾಸುಗಟ್ಟಲೆ ದುಡಿಯುತ್ತವೆ, ಆಗ ಡಬ್ಬಿಯ ಮೇಲೆ ಬರೆದ ಗರಿಷ್ಠ ವೇಗವನ್ನು ಎರಡರಲ್ಲಿ ಯಾವುದೂ ಮುಟ್ಟುವುದಿಲ್ಲ; ಎರಡಕ್ಕೂ ಇರುವ 76 ವ್ಯಾಟ್‌ಗಳ ಮೂಲ ಮಿತಿಯೊಳಗೆ ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ಓಡಿಸಬಹುದು ಎಂಬುದೇ ವೇಗವನ್ನು ನಿರ್ಧರಿಸುತ್ತದೆ. ಮೇ ತಿಂಗಳ ಸೆಖೆಯಲ್ಲಿ, ಏಸಿ ಇಲ್ಲದ ಕೋಣೆಯಲ್ಲಿ, ಬಯಾಸ್‌ನಲ್ಲಿರುವ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ಸ್), ಕೋರ್‌ಗಳ ವೋಲ್ಟೇಜನ್ನು ಇಳಿಸಲು ಬಿಡುವ ಕರ್ವ್ ಆಪ್ಟಿಮೈಸರ್ ನನಗೆ ನಿಜವಾದ ಸಂತೋಷ ಕೊಟ್ಟಿತು. ವೋಲ್ಟೇಜ್ ಇಳಿದಂತೆ ಫ್ಯಾನಿನ ಸದ್ದು ತಗ್ಗಿತು, ವೇಗ ಮಾತ್ರ ಏರಿತು.

ಆದರೆ ಆ ಸಂತೋಷ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಎಲ್ಲ ಕೋರ್‌ಗಳಿಗೂ ವೋಲ್ಟೇಜ್ ಕಡಿತದ ಕೊನೆಯ ಮಿತಿಯಾದ ಮೈನಸ್ 30 ಕೊಟ್ಟಾಗ, ಎಲ್ಲ ಕೋರ್‌ಗಳನ್ನೂ ದುಡಿಸಿ ಅಳೆಯುವ ಸಿನೆಬೆಂಚ್ ತಂತ್ರಾಂಶವನ್ನು ಎಷ್ಟು ಹೊತ್ತು ಓಡಿಸಿದರೂ ತೊಂದರೆಯಿರಲಿಲ್ಲ. ಆದರೆ ಎಕ್ಸ್‌ಪೋರ್ಟ್ ಮುಗಿದು, ಕಂಪ್ಯೂಟರ್ ಸುಮ್ಮನಿರುವಾಗ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವ್ಹಿಯಾ-ಲಾಗರ್ 18 ಎಂಬ ಹಾರ್ಡ್‌ವೇರ್ ದೋಷದ ದಾಖಲೆ ಕಾಣುತ್ತಿತ್ತು. ಹೊರೆ ಹಗುರಾದಾಗ ಒಂದೊಂದೇ ಕೋರ್ ಅತಿ ಹೆಚ್ಚಿನ ವೇಗಕ್ಕೆ ಜಿಗಿಯುತ್ತದೆ, ಕಡಿತಗೊಳಿಸಿದ ವೋಲ್ಟೇಜ್ ಸಾಲದೆ ಹೋಗುವುದು ಆಗಲೇ. ಆದ್ದರಿಂದ ಕೋರ್‌ಸೈಕ್ಲರ್ ಎಂಬ ತಂತ್ರಾಂಶದಿಂದ ಪ್ರತಿ ಕೋರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ದುರ್ಬಲವಾದವುಗಳಿಗೆ ಕಡಿತವನ್ನು ತಗ್ಗಿಸುವುದೇ ಸರಿಯಾದ ದಾರಿ. ಇದಕ್ಕೆ ರಾತ್ರಿಗಳೇ ಬೇಕಾಗುತ್ತವೆ, ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು. ಅಷ್ಟು ತಾಳ್ಮೆ ಇಲ್ಲದವರು ಮೈನಸ್ 10ಕ್ಕೆ ನಿಲ್ಲಿಸಿ ನೋಡುವುದು ಒಳ್ಳೆಯದು.

ಕಡಲ ಗಾಳಿಯ ಉಪ್ಪಿನಂಶಕ್ಕೆ ಧೂಳು ಅಂಟಾಗಿ ಕೂರುವುದರಿಂದ, ಪ್ರತಿ ಭಾನುವಾರ ಮುಂಭಾಗದ ಜಾಳಿಗೆಯನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕುತ್ತೇನೆ. ಕೂಲರಿನ ರೆಕ್ಕೆಗಳಿಗೆ ಒಣ ಬ್ರಶ್ ಮಾತ್ರ. ಕೆಲಸವಿಲ್ಲದ ಆಷಾಢದ ದಿನಗಳಲ್ಲೂ ಸ್ವಲ್ಪ ಹೊತ್ತು ಆನ್ ಮಾಡಿಡುತ್ತೇನೆ, ಒಳಗೆ ಥಂಡಿ ಹಿಡಿಯದಿರಲಿ ಎಂದು.

ಒಂದೆರಡು ಕೋರ್‌ಗಳನ್ನಷ್ಟೇ ಬಳಸುವ ಕಂಪ್ಯೂಟರ್ ಆಟಗಳನ್ನು ಆಡುವವರಿಗೆ, ಬೆಲೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ 5600ಎಕ್ಸ್ ಮೇಲು. ಯಾವುದನ್ನೇ ಕೊಂಡರೂ ಮದರ್‌ಬೋರ್ಡ್ ಬಿ450, ಬಿ550 ಅಥವಾ ಎಕ್ಸ್570 ಚಿಪ್‌ಸೆಟ್‌ನದಾಗಿರಲಿ; ಎ520 ಚಿಪ್‌ಸೆಟ್‌ನಲ್ಲಿ ಓವರ್‌ಕ್ಲಾಕಿಂಗ್‌ಗೆ ಅಧಿಕೃತ ಅವಕಾಶವಿಲ್ಲ.