1,80,000 ಕಿ.ಮೀ. ಓಡಿದ ಗಾಡಿಗೆ ಮೊದಲ ಸಲ ಗೇರ್‌ಬಾಕ್ಸ್ ಆಯಿಲ್ ಬದಲಿಸಿದೆ: 40,000 ಕಿ.ಮೀ. ಆದಮೇಲಿನ ಅನುಭವ

ತುಂಬಾ ಓಡಿದ ಗಾಡಿಗೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸೇ ಕೆಡುತ್ತದೆ ಅನ್ನುವ ಮಾತಿದೆ. ಮೊದಲೇ ಹೇಳಿಬಿಡುತ್ತೇನೆ: ಆಯಿಲ್ ಬದಲಿಸಿದ್ದಕ್ಕೆ ನನ್ನ ಗೇರ್‌ಬಾಕ್ಸ್ ಕೆಡಲಿಲ್ಲ. ಹೊಸದರ ಹಾಗೂ ಆಗಲಿಲ್ಲ.

ಗಾಡಿ ಆರು ಗೇರಿನ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವಂಥದ್ದು. ನಾನು ಎರಡನೇ ಮಾಲೀಕ; ಮೊದಲಿನವರು ಈ ಆಯಿಲ್ ಬದಲಿಸಿದ ದಾಖಲೆ ಎಲ್ಲೂ ಇಲ್ಲ. ಮ್ಯಾನ್ಯುಯಲ್ ತೆಗೆದರೆ ಅಡ್ಡಗೋಡೆಯ ಮೇಲೆ ದೀಪ: ಒಂದು ಕಡೆ ‘ಬದಲಿಸಬೇಕಿಲ್ಲ’, ಇನ್ನೊಂದು ಕಡೆ ‘ಕಠಿಣ ಬಳಕೆ ಇದ್ದರೆ 60,000 ಕಿ.ಮೀ.ಗೊಮ್ಮೆ’. ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವುದೂ ಕಠಿಣ ಬಳಕೆಯೇ ಎಂಬ ಮಾತು ಸಣ್ಣ ಅಕ್ಷರದಲ್ಲಿತ್ತು. ಹಲವು ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜೆಡ್‌ಎಫ್, ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ನನ್ನದು ಜೆಡ್‌ಎಫ್ ಅಲ್ಲ, ಆದರೂ ‘ಜೀವನಪೂರ್ತಿ ಬದಲಿಸಬೇಕಿಲ್ಲ’ ಅನ್ನುವ ಮಾತಿನ ಮೇಲೆ ಅಲ್ಲಿಗೆ ನಂಬಿಕೆ ಹೋಯಿತು.

ತೊಂದರೆ ಮೂರಿದ್ದವು. 60ರ ವೇಗದಲ್ಲಿ ಹದವಾಗಿ ಆಕ್ಸಿಲರೇಟರ್ ಒತ್ತಿದರೆ ಜಲ್ಲಿ ರಸ್ತೆ ಮೇಲೆ ಹೋದಂಥ ನಡುಕ. ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಒಂದು ಜಗ್ಗು. ಬೆಳಿಗ್ಗೆ ತಣ್ಣಗಿದ್ದಾಗ ರಿವರ್ಸ್ ಹಾಕಿದರೆ ಎರಡು ಸೆಕೆಂಡು ಗಾಡಿ ಅಲ್ಲಾಡುವುದೇ ಇಲ್ಲ.

“ಇಷ್ಟು ಓಡಿದ ಮೇಲೆ ಮುಟ್ಟಬೇಡಿ ಸಾರ್, ಆ ಹಳೇ ಆಯಿಲಿನಿಂದಲೇ ಹಿಡಿತ ನಿಂತಿದೆ” ಎಂದರು ಮೆಕ್ಯಾನಿಕ್. ಆ ಹೆದರಿಕೆಯಲ್ಲೇ ಒಂದು ವರ್ಷ ಕಳೆದೆ. ಈಗ ಅನಿಸುವುದು, ಜನ ಗೇರ್ ಜಾರಲು (ಎಂಜಿನ್ ಕೂಗಿದರೂ ಗಾಡಿ ಎಳೆಯದಿರಲು) ಶುರುವಾದ ಮೇಲೆ ಕೊನೆಯ ಆಸೆಯಿಂದ ಆಯಿಲ್ ಬದಲಿಸುತ್ತಾರೆ. ಗೇರ್‌ಬಾಕ್ಸ್ ಒಳಗಿನ ಸವೆದ ಕ್ಲಚ್ ಹೇಗೂ ಹೋಗುತ್ತದೆ, ಕೆಟ್ಟ ಹೆಸರು ಹೊಸ ಆಯಿಲಿಗೆ. ನನ್ನದು ಇನ್ನೂ ಜಾರುತ್ತಿರಲಿಲ್ಲ. ಹಾಗಾಗಿ ಧೈರ್ಯ ಮಾಡಿದೆ.

ಮೆಷಿನ್ ಹಾಕಿ ಪೂರ್ತಿ ಫ್ಲಶ್ ಮಾಡಿಸಲಿಲ್ಲ. ಡ್ರೈನ್ ಪ್ಲಗ್ ಬಿಚ್ಚಿ ಬಂದಷ್ಟನ್ನು ಇಳಿಸಿ, ಅಷ್ಟೇ ತುಂಬುವ ದಾರಿ ಹಿಡಿದೆ. ಒಟ್ಟು ಹಿಡಿಯುವುದು 8 ಲೀಟರ್, ಒಂದು ಸಲಕ್ಕೆ ಇಳಿಯುವುದು ಮೂರೂವರೆ. ಮಿಕ್ಕಿದ್ದು ಕನ್ವರ್ಟರಿನಲ್ಲೂ ಕೂಲರ್ ಪೈಪಿನಲ್ಲೂ ಉಳಿಯುತ್ತದೆ. ಲೆಕ್ಕ ಹಾಕಿದರೆ ಮೊದಲ ಸಲಕ್ಕೆ ಶೇ. 44 ಹೊಸದು, ಎರಡನೆಯದಕ್ಕೆ ಶೇ. 68, ಮೂರನೆಯದಕ್ಕೆ ಶೇ. 82. ಒಂದೇ ಸಲ ಬದಲಿಸಿ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಅನ್ನುವವರು ಈ ಲೆಕ್ಕ ನೋಡಬೇಕು.

ಇಳಿದದ್ದು ಕಪ್ಪು ಡಿಕಾಕ್ಷನ್ ಬಣ್ಣ. ಮೊದಲು ಫಿಲ್ಲರ್ ಪ್ಲಗ್ ಸಡಿಲಾಗುತ್ತದೆಯೇ ನೋಡಿಕೊಂಡು, ಆಮೇಲಷ್ಟೇ ಡ್ರೈನ್ ಬಿಚ್ಚಿದೆ. ತುಂಬುವ ಪ್ಲಗ್ ಕಚ್ಚಿಕೊಂಡಿದ್ದರೆ ಆಯಿಲಿಲ್ಲದ ಗಾಡಿ ನಿಂತಲ್ಲೇ ನಿಂತಂತೆ. ಲೆವೆಲ್ ನೋಡಲು ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮತಟ್ಟಾಗಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ, ಆಯಿಲ್ 35ರಿಂದ 45 ಡಿಗ್ರಿ ಇದ್ದಾಗ ಲೆವೆಲ್ ಪ್ಲಗ್ ತೆಗೆಯಬೇಕು. ಸಣ್ಣಗೆ ತೊಟ್ಟಿಕ್ಕಿದರೆ ಸರಿ. ಬಿಸಿಯಾದಷ್ಟೂ ಆಯಿಲ್ ಹಿಗ್ಗುತ್ತದೆ, ಹಾಗಾಗಿ ತಾಪಮಾನ ತಪ್ಪಿದರೆ ಲೆವೆಲ್ಲೂ ತಪ್ಪು. ಆಯಿಲಿನ ತಾಪಮಾನ ತೋರಿಸುವ ಸ್ಕ್ಯಾನರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೇ ಸಲ, 2,000 ಕಿ.ಮೀ. ಆದಮೇಲೆ, ಪ್ಯಾನ್ (ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ) ಇಳಿಸಿ ಫಿಲ್ಟರ್ ಬದಲಿಸಿದೆ. ಅದರೊಳಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು. ಅದು ಮಾಮೂಲಿ, ಬೆರಳಿಗೆ ಚುಚ್ಚುವಂಥ ಲೋಹದ ಚೂರು ಸಿಕ್ಕಿದ್ದರೆ ಯೋಚನೆ ಮಾಡಬೇಕಿತ್ತು. ಇಲ್ಲೇ ನಾನು ಎಡವಿದ್ದು. ಸೋರಬಾರದೆಂದು ಪ್ಯಾನ್ ಬೋಲ್ಟುಗಳನ್ನು ಜಗ್ಗಿ ಬಿಗಿದೆ, ಗ್ಯಾಸ್ಕೆಟ್ ಹಿಸುಕಿ ಹೋಗಿ ಸೋರಿಯೇ ಸೋರಿತು. ಮೂರು ವಾರಕ್ಕೆ ಏರಿನಲ್ಲಿ ಗೇರ್ ಜಾರಿದಾಗ ಎದೆ ಧಸಕ್ಕೆಂದಿತು, ಮೆಕ್ಯಾನಿಕ್ ಮಾತೇ ನಿಜವಾಯಿತೆಂದುಕೊಂಡೆ. ನೋಡಿದರೆ ಅರ್ಧ ಲೀಟರಿಗಿಂತ ಜಾಸ್ತಿ ಆಯಿಲ್ ಸೋರಿಹೋಗಿತ್ತು. ಹೊಸ ಗ್ಯಾಸ್ಕೆಟ್ ಹಾಕಿ, ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟೇ ಬಿಗಿದೆ. ಅದಕ್ಕಾಗಿ ಆಯಿಲ್ ಮತ್ತೆ ಇಳಿಸಲೇಬೇಕಾದ್ದರಿಂದ ಮೂರನೇ ಸಲದ ಬದಲಾವಣೆಯೂ ಹೀಗೆ ತಾನಾಗೇ ಮುಗಿಯಿತು! ಆಮೇಲೆ ಜಾರಿಲ್ಲ.

ಆಯಿಲ್ ಮಾತ್ರ ಮ್ಯಾನ್ಯುಯಲ್‌ನಲ್ಲಿರುವ ಸ್ಪೆಸಿಫಿಕೇಶನ್ನಿನದ್ದೇ ಹಾಕಿದ್ದು. ‘ಎಲ್ಲ ಗಾಡಿಗೂ ಆಗುತ್ತದೆ’ ಅನ್ನುವ ಡಬ್ಬಿ ಕೈಯಲ್ಲಿ ಹಿಡಿದು ವಾಪಸ್ ಇಟ್ಟೆ. ಸಿವಿಟಿ (ಗೇರುಗಳ ಬದಲು ಬೆಲ್ಟ್ ಮತ್ತು ರಾಟೆಯಿಂದ ನಡೆಯುವ ಆಟೋಮ್ಯಾಟಿಕ್) ಇರುವವರಂತೂ ಈ ವಿಷಯದಲ್ಲಿ ಚೌಕಾಶಿ ಮಾಡಲೇಬಾರದು, ಅದರ ಆಯಿಲೇ ಬೇರೆ.

ಈಗ ಓಡೋಮೀಟರ್ 2,20,000 ದಾಟಿದೆ. 60ರ ನಡುಕ ಎರಡನೇ ಸಲಕ್ಕೇ ಹೋಯಿತು, ಮತ್ತೆ ಬಂದಿಲ್ಲ. ಎರಡು-ಮೂರರ ಜಗ್ಗು ಮುಕ್ಕಾಲು ಪಾಲು ಕಡಿಮೆ. ಬಿಸಿಲಲ್ಲಿ ತುಂಬಾ ಹೊತ್ತು ಟ್ರಾಫಿಕ್‌ನಲ್ಲಿದ್ದರೆ ಒಮ್ಮೊಮ್ಮೆ ತಲೆ ಹಾಕುತ್ತದೆ. ಮೈಲೇಜ್ ಹೆಚ್ಚಿತೆಂದು ಹೇಳಲಾರೆ. ಬೆಳಗಿನ ರಿವರ್ಸ್ ತಡ ಮಾತ್ರ ಇದ್ದ ಹಾಗೇ ಇದೆ, ಅದೇ ಎರಡು ಸೆಕೆಂಡು. ಒಳಗಿನ ಸೀಲ್ ಗಟ್ಟಿಯಾಗಿರಬೇಕು. ಅದಕ್ಕೆ ಗೇರ್‌ಬಾಕ್ಸ್ ಬಿಚ್ಚಬೇಕು, ಸದ್ಯಕ್ಕೆ ಬಿಚ್ಚಿಸುವುದಿಲ್ಲ. ರಿವರ್ಸ್ ಹಾಕಿ ಬೆಲ್ಟ್ ಕಟ್ಟಿಕೊಳ್ಳುವಷ್ಟರಲ್ಲಿ ಅದೇ ಹಿಡಿದುಕೊಳ್ಳುತ್ತದೆ.